ಎರಡು ಕಿವಿ, ಎರಡು ಹೊಟ್ಟೆ

ಹೊರಗೆ ಸೋಹಾರಿನ ಮಧ್ಯಾಹ್ನ, ಕಣ್ಣು ಬಿಡಲಾಗದ ಬಿಳುಪು.
ಒಳಗೆ ನನ್ನ ಕೋಣೆ. ಕತ್ತಲೆಯಲ್ಲೇ ನನ್ನ ಕೆಲಸ.
ಎಡಮಗ್ಗುಲಾಗಿ ಮಲಗಿ, ಎಂದೆ
ಮೊದಲು ಅರಬಿಯಲ್ಲಿ, ಆಮೇಲೆ ಹಿಂದಿಯಲ್ಲಿ.
ಜೆಲ್ಲು ಎದೆಗೆ ತಾಗಿದ್ದೇ
"ಅಯ್ಯಬ್ಬಾ" ಎಂದರು.
"ತಂಡಿ ಆಯ್ತಾ?" ಎಂದುಬಿಟ್ಟಿತು ನನ್ನ ಬಾಯಿ.

ದುರ್ಗಪ್ಪ ಮೊಗೇರ, ಐವತ್ತೊಂದು, ಶಿರೂರಿನ ಕಡೆ.
ಕಡಲ ನೀರು ಸಿಹಿ ಮಾಡುವ ಪ್ಲಾಂಟಿನಲ್ಲಿ
ಹತ್ತೊಂಬತ್ತು ವರ್ಷದಿಂದ ಪಂಪ್ ಆಪರೇಟರ್.
ಮೆಟ್ಟಿಲು ಹತ್ತಿದರೆ ಏದುಸಿರು.

ಪರದೆಯ ಮೇಲೆ ಅದು ಮಿಸುಕಿತು.
"ನಂದೇಯಾ?"
ನಿಮ್ಮದೇ. ಇದು ಹೃತ್ಕರ್ಣ, ಇದು ಹೃತ್ಕುಕ್ಷಿ,
ಆಚೆ ಬದಿಗೂ ಹೀಗೇ ಒಂದು ಜೋಡಿ.
"ಎರಡ್ ಕೆಮಿ, ಎರಡ್ ಹೊಟ್ಟಿ," ನಕ್ಕರು,
"ಬಾಯಿ ಎಲ್ಲಿತ್ತ್?"

ಬಾಯಿಲ್ಲ. ಬಾಗಿಲು ಮಾತ್ರ, ನಾಲ್ಕು.
ಮೈಯೆಲ್ಲ ಸುತ್ತಿ ದಣಿದದ್ದು ಬಲಗಿವಿಗೆ ಬರುತ್ತದೆ,
ಮೂರೆಸಳಿನ ಬಾಗಿಲು ದಾಟಿ ಬಲಹೊಟ್ಟೆಗೆ ಇಳಿಯುತ್ತದೆ.
ಅಲ್ಲಿಂದ ಒಂದು ಅಮುಕು, ಶ್ವಾಸಕೋಶಕ್ಕೆ.
ಗಾಳಿ ಕುಡಿದು ಎಡಗಿವಿಗೆ ವಾಪಸು.
ಮುಂದಿನದು ದ್ವಿದಳ ಕವಾಟ, ಎಂದೆ.
"ಬೇಳಿಯಾ?" ಎಂದರು.

ಬಲಕ್ಕೂ ಎಡಕ್ಕೂ ನಡುವೆ ಬೆರಳಗಲದ ಗೋಡೆ.
"ಒಂದ್ ತೂತ್ ಹೊಡ್ದ್ರ್ ಆತಿಲ್ಯಾ? ಎಂತಕ್ ಅಷ್ಟ್ ಸುತ್ತು?"
ಬಾತಿನಾ ಹೆದ್ದಾರಿಯಲ್ಲಿ
ಎದುರು ಬದಿಯ ಕೆಫ್ಟೇರಿಯಾ ಕಾಣುತ್ತದೆ,
ಕರಕ್ ಚಹಾದ ಹಬೆ ಕೂಡ ಕಾಣುತ್ತದೆ,
ಆದರೆ ಬೇಲಿ ಹಾರುವಂತಿಲ್ಲ.
ರೌಂಡ್‌ಅಬೌಟಿನ ತನಕ ಹೋಗಿಯೇ ಬರಬೇಕು.
ಹಾಗೆ, ಎಂದೆ. ತಲೆಯಾಡಿಸಿದರು.

ಬಣ್ಣದ ಗುಂಡಿ ಒತ್ತಿದೆ.
"ಕೆಂಪಂದ್ರೆ ಒಳ್ಳೆ ನೆತ್ರು, ನೀಲಿ ಹಾಳಾ?"
ಎಲ್ಲರೂ ಕೇಳುವುದು ಇದನ್ನೇ.
ಯಂತ್ರಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ.
ನನ್ನ ಕೈಯತ್ತ ಬರುವುದು ಕೆಂಪು,
ಕೈಬಿಟ್ಟು ಹೋಗುವುದು ನೀಲಿ.
ಬಹಳ ಹೊತ್ತು ಪರದೆಯನ್ನೇ ನೋಡಿದರು,
ಪಾಸ್‌ಪೋರ್ಟಿನ ಮುದ್ರೆಗಳನ್ನು ಎಣಿಸುವವರ ಹಾಗೆ.

ಎದೆಗೆ ಕಿವಿಯಿಟ್ಟರೆ ಕೇಳುವುದು
ಬಾಗಿಲು ಮುಚ್ಚುವ ಸದ್ದು. ನೆಟ್ಟಗೆ ಹರಿಯುವುದಕ್ಕೆ ಸದ್ದಿಲ್ಲ.
ಹರಿವಿಗೂ ಸದ್ದು ಕೊಡುತ್ತದೆ ಈ ಯಂತ್ರ. ಹಾಕಿದೆ.
ಶೂ, ಶೂ, ನಡುವೆ ಒಂದು ಸಪೂರ ಸೀಟಿ.
ಎಡಹೊಟ್ಟೆ ಅಮುಕಿದಾಗಲೆಲ್ಲ
ಮುಚ್ಚಿರಬೇಕಾದ ಬಾಗಿಲ ಸಂದಿಯಿಂದ
ನೀಲಿ ಎಳೆಯೊಂದು ಹಿಂದಕ್ಕೆ ಚಿಮ್ಮುತ್ತಿತ್ತು.

ನಾನು ಹೇಳುವಂತಿಲ್ಲ. ಹೇಳುವುದು ಡಾಕ್ಟರ ಕೆಲಸ,
ನನ್ನದು ಅಳೆಯುವುದು. ಅಳೆದೆ.
ದುರ್ಗಪ್ಪ ಕಣ್ಣು ಮುಚ್ಚಿ ಆಲಿಸಿದರು.
"ನಾನ್-ರಿಟರ್ನ್ ವಾಲ್ವ್. ಲೀಕ್ ಇತ್ತ್.
ಮೂರ್ನೇ ನಂಬ್ರ ಪಂಪಿಂದೂ ಹೀಂಗೇ ಕೂಗತ್ತ್."

ಏನು ಹೇಳಲಿ? ಬೇರೇನೋ ಹೇಳಿದೆ:
ಆಗ ಬಾಯಿ ಕೇಳಿದಿರಲ್ಲ,
ಹೊಟ್ಟೆ ತುಂಬ ಹೊತ್ತ ರಕ್ತದಿಂದ
ಅದು ತನಗೆಂದು ಮುಕ್ಕಳಿಸುವಷ್ಟೂ ತೆಗೆಯುವುದಿಲ್ಲ.
ಎಲ್ಲವನ್ನೂ ಹೊರಗೆ ತಳ್ಳಿದ ಮೇಲೆ
ಮಹಾಧಮನಿಯ ಬುಡದಲ್ಲಿ ಎರಡು ಸಣ್ಣ ಕವಲು
ಅದರ ಕಡೆಗೇ ಹೊರಳುತ್ತವೆ.
ಎಡಹೊಟ್ಟೆಗೆ ಊಟ ಸಿಗುವುದು ಅಮುಕುವಾಗ ಅಲ್ಲ,
ಬಿಗಿ ಬಿಟ್ಟಾಗ,
ಎರಡು ಬಡಿತದ ನಡುವಿನ ಸಡಿಲಿನಲ್ಲಿ.

"ಬ್ರೇಕಲ್ಲಿ," ಎಂದರು.
ಸ್ವಲ್ಪ ಬಿಟ್ಟು,
"ಓಟಿ ಮಾಡ್ರೆ ಬ್ರೇಕ್ ಇಲ್ಲೆ."

ಟಿಶ್ಯೂ ಕೊಟ್ಟೆ. ಎದೆ ಒರೆಸಿಕೊಂಡು
ಕಂಪೆನಿಯ ಅಂಗಿ ತೊಟ್ಟು ಗುಂಡಿ ಹಾಕುತ್ತ ಕೇಳಿದರು:
"ನಿಮ್ ಬಿಲ್ಡಿಂಗಿಗೆ ನೀರ್ ಸಮ ಬತ್ತಾ?"
ಬರುತ್ತದೆ, ಎಂದೆ.

ರಾತ್ರಿ ಅಕ್ಕಿ ತೊಳೆದು ನಲ್ಲಿ ನಿಲ್ಲಿಸಿದೆ.
ಗೋಡೆಯೊಳಗೆಲ್ಲೋ ಪೈಪು ಒಮ್ಮೆ ದಡ್ ಎಂದಿತು.
ಪಾತ್ರೆ ಹಿಡಿದು ನಿಂತೇ ಇದ್ದೆ,
ಎರಡನೇ ಸದ್ದಿಗೆ.